ವಿಕಿಪೀಡಿಯದ ನಕ್ಷತ್ರ: ಕೊಡುವವರು ಯಾರು, ನಂಬುವುದು ಎಷ್ಟು?

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗೆ ಡಿಚೋಲಿ ಅಪರಿಚಿತ ಊರೇನಲ್ಲ. ಪೋರ್ಚುಗೀಸರ ಬಾಯಲ್ಲಿ ಬಿಚೋಲಿಂ ಆದ ಈ ಊರಿನ ಹೆಸರಿನಲ್ಲಿ 1640-41ರಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ಘೋರ ಯುದ್ಧ ನಡೆಯಿತೆಂದು ಇಂಗ್ಲಿಷ್ ವಿಕಿಪೀಡಿಯ ಐದು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿಗೆ ತಿಳಿಸುತ್ತಿತ್ತು. 2007ರ ಜುಲೈನಲ್ಲಿ ಪ್ರಕಟವಾದ ಆ ಲೇಖನ ಸುದೀರ್ಘವಾಗಿತ್ತು, ಭಾಷೆ ಗಂಭೀರವಾಗಿತ್ತು, ಅಡಿಟಿಪ್ಪಣಿಗಳಲ್ಲಿ ಗ್ರಂಥಗಳ ಹೆಸರುಗಳಿದ್ದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ಪರಿಶೀಲನೆಗೆ ಒಳಗಾಗಿ 'ಉತ್ತಮ ಲೇಖನ' ಎಂಬ ಮನ್ನಣೆಯನ್ನೂ ಪಡೆಯಿತು.

ತೊಂದರೆ ಒಂದೇ. ಅಂಥದೊಂದು ಯುದ್ಧ ನಡೆದೇ ಇರಲಿಲ್ಲ. ಉಲ್ಲೇಖಿಸಲಾದ ಗ್ರಂಥಗಳೂ ಇರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಸ್ವಯಂಸೇವಕರೊಬ್ಬರು ಆ ಪುಸ್ತಕಗಳನ್ನು ಹುಡುಕಲು ಹೊರಟು, ಎಲ್ಲಿಯೂ ಸಿಗದಿದ್ದಾಗ ಬಂಡವಾಳ ಬಯಲಾಯಿತು. ಲೇಖನವನ್ನು ಅಳಿಸಿಹಾಕಲಾಯಿತು.

1640ರಲ್ಲಿ ಶಿವಾಜಿ ಇನ್ನೂ ಬಾಲಕ. ಡಿಚೋಲಿ ಸೀಮೆ ವಿಜಯಪುರದ ಆದಿಲ್‌ಶಾಹಿಗೆ ಸೇರಿತ್ತು. ದಖ್ಖನಿನ ಚರಿತ್ರೆಯನ್ನು ಅಷ್ಟಿಷ್ಟು ಓದಿದವರು ಯಾರೇ ಆಗಲಿ ಈ ಯುದ್ಧದ ಬಗ್ಗೆ ಸಂಶಯಪಡಬಹುದಿತ್ತು. ಹಾಗಾದರೆ ಆ ಲೇಖನಕ್ಕೆ ಮುದ್ರೆ ಒತ್ತಿದವರು ಪರಿಶೀಲಿಸಿದ್ದೇನನ್ನು? ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ತಾಣದಲ್ಲಿ ಗುಣಮಟ್ಟದ ಮುದ್ರೆಗೆ ಇರುವ ಬೆಲೆಯೇನು? ಶಾಲಾಮಕ್ಕಳ ಪ್ರಾಜೆಕ್ಟ್‌ನಿಂದ ಹಿಡಿದು ಪತ್ರಿಕಾ ಕಚೇರಿಗಳವರೆಗೆ ಎಲ್ಲರೂ ಮಾಹಿತಿಗಾಗಿ ವಿಕಿಪೀಡಿಯದತ್ತ ಮುಖ ಮಾಡುವ ಈ ಕಾಲದಲ್ಲಿ ಇದು ತಿಳಿದಿರಬೇಕಾದ ಸಂಗತಿ.

ಏಳು ಬಾಗಿಲುಗಳ ನ್ಯೂಪೀಡಿಯ

ವಿಕಿಪೀಡಿಯಕ್ಕೂ ಮೊದಲು ನ್ಯೂಪೀಡಿಯ ಇತ್ತು. ಜಿಮ್ಮಿ ವೇಲ್ಸ್ ಅವರ ಉದ್ಯಮದ ಬೆಂಬಲದಿಂದ 2000ದ ಮಾರ್ಚ್‌ನಲ್ಲಿ ಆರಂಭವಾದ ಈ ಅಂತರ್ಜಾಲ ವಿಶ್ವಕೋಶಕ್ಕೆ ತತ್ತ್ವಶಾಸ್ತ್ರದ ವಿದ್ಯಾರ್ಥಿ ಲ್ಯಾರಿ ಸ್ಯಾಂಗರ್ ಪ್ರಧಾನ ಸಂಪಾದಕರು. ವಿದ್ವತ್ ಪತ್ರಿಕೆಗಳಲ್ಲಿ ರೂಢಿಯಲ್ಲಿರುವ ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಬಲ್ಲವರಿಂದ ಪರಾಮರ್ಶೆ ಮಾಡಿಸುವ ಕ್ರಮ, ಇಲ್ಲಿ ಕಡ್ಡಾಯವಾಗಿತ್ತು. ವಿಷಯವನ್ನು ಒಬ್ಬರಿಗೆ ವಹಿಸುವುದು, ಮುಖ್ಯ ಪರಾಮರ್ಶಕರನ್ನು ಹುಡುಕುವುದು, ಅವರ ಪರಾಮರ್ಶೆ, ಬಹಿರಂಗ ಪರಾಮರ್ಶೆ, ಮುಖ್ಯ ಪ್ರತಿ ತಿದ್ದುವಿಕೆ, ಬಹಿರಂಗ ತಿದ್ದುವಿಕೆ, ಅಂತಿಮ ಒಪ್ಪಿಗೆ ಹೀಗೆ ಏಳು ಹಂತಗಳು. ಸಂಪಾದಕರು ಸಾಮಾನ್ಯವಾಗಿ ಡಾಕ್ಟರೇಟ್ ಪಡೆದವರಾಗಿರಬೇಕೆಂಬ ನಿರೀಕ್ಷೆಯೂ ಇತ್ತು.

ಫಲಿತಾಂಶ ನಿರಾಶಾದಾಯಕವಾಗಿತ್ತು. 2003ರ ಸೆಪ್ಟೆಂಬರ್‌ನಲ್ಲಿ ನ್ಯೂಪೀಡಿಯ ಬಾಗಿಲು ಮುಚ್ಚುವ ಹೊತ್ತಿಗೆ ಏಳೂ ಹಂತಗಳನ್ನು ದಾಟಿ ಹೊರಬಂದ ಲೇಖನಗಳು ಎರಡು ಡಜನ್‌ನಷ್ಟು ಮಾತ್ರ. ಲೇಖಕರ ಕೊರತೆಗಿಂತ ಸರದಿಯಲ್ಲಿ ಕಾಯುವ ಬೇಸರವೇ ಅದನ್ನು ಕುಂದಿಸಿತು.

ಇದಕ್ಕೆ ಕಚ್ಚಾ ಬರಹಗಳನ್ನು ಒದಗಿಸಲೆಂದು 2001ರ ಜನವರಿ 15ರಂದು ಆರಂಭಿಸಿದ ಪೂರಕ ತಾಣವೇ ವಿಕಿಪೀಡಿಯ. ಯಾರಾದರೂ ಬಂದು ತಕ್ಷಣ ಪುಟವನ್ನು ತಿದ್ದಬಹುದಾದ 'ವಿಕಿ' ತಂತ್ರಾಂಶವನ್ನು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿಯೇ ರೂಪಿಸಿದ್ದರು. ವಿಕಿಪೀಡಿಯದಲ್ಲಿ ಬಾಗಿಲೂ ಇರಲಿಲ್ಲ, ಕಾವಲುಗಾರರೂ ಇರಲಿಲ್ಲ. ಮೊದಲ ವರ್ಷದಲ್ಲಿಯೇ ಲೇಖನಗಳ ಸಂಖ್ಯೆ 20 ಸಾವಿರದ ಆಸುಪಾಸಿಗೆ ಮುಟ್ಟಿತು. ಮಗುವೇ ತಾಯಿಯನ್ನು ನುಂಗಿ ಬೆಳೆಯಿತು.

ಇಲ್ಲಿ ಒಂದು ಮೂಲಭೂತ ಕ್ರಮವೇ ತಲೆಕೆಳಗಾಯಿತು. ಮೊದಲು ಪರಿಶೀಲನೆ, ನಂತರ ಪ್ರಕಟಣೆ ಎಂಬುದು ಮುದ್ರಣ ಯುಗದ ನಿಯಮ. 1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನಡೆದದ್ದು ಈ ದಾರಿಯಲ್ಲಿ. ವಿದ್ವಾಂಸರು ಬರೆದದ್ದನ್ನು ಸಂಪಾದಕರು ನೋಡಿ, ತಿದ್ದಿ, ಒಪ್ಪಿದ ಮೇಲೆಯೇ ಅಚ್ಚಿಗೆ ಹೋಗುತ್ತಿತ್ತು. ವಿಕಿಪೀಡಿಯದಲ್ಲಾದರೋ ಮೊದಲು ಪ್ರಕಟಣೆ, ಪರಿಶೀಲನೆ ನಂತರ. ಅದೂ ಯಾರಾದರೂ ಮನಸ್ಸು ಮಾಡಿದರೆ ಮಾತ್ರ.

ಚುಟುಕಿನಿಂದ ನಕ್ಷತ್ರದವರೆಗೆ

ಲೇಖನಗಳ ರಾಶಿ ಬೆಳೆದಂತೆ ಕಾಳು ಜೊಳ್ಳು ಬೇರ್ಪಡಿಸುವ ಅಗತ್ಯ ಕಾಣಿಸಿತು. ಆರಂಭದ ದಿನಗಳಲ್ಲಿ ಚೆನ್ನಾಗಿದೆ ಎನಿಸಿದ ಬರಹಗಳನ್ನು ಸದಸ್ಯರು 'ಅತ್ಯುತ್ತಮ ಗದ್ಯ' ಎಂಬ ಪಟ್ಟಿಗೆ ಸೇರಿಸುತ್ತಿದ್ದರು. ಇದೇ ಮುಂದೆ ಕಟ್ಟುನಿಟ್ಟಾದ ಮಾನದಂಡಗಳುಳ್ಳ 'ವಿಶೇಷ ಲೇಖನ' ಪದ್ಧತಿಯಾಯಿತು. ಅದಕ್ಕಿಂತ ತುಸು ಕೆಳಗಿನ ಮಟ್ಟಕ್ಕೆಂದು 2005ರಲ್ಲಿ 'ಉತ್ತಮ ಲೇಖನ' ಪದ್ಧತಿ ಬಂದಿತು.

ಇಂದು ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು ಚುಟುಕು, ಆರಂಭಿಕ, ಸಿ, ಬಿ, ಉತ್ತಮ, ಎ, ವಿಶೇಷ ಎಂಬ ಮೆಟ್ಟಿಲುಗಳಲ್ಲಿ ನಿಲ್ಲುತ್ತವೆ. ಇವುಗಳಲ್ಲಿ ಕೆಳಗಿನ ನಾಲ್ಕು ದರ್ಜೆಗಳನ್ನು ಯಾವ ಸದಸ್ಯರೂ ತಮ್ಮ ವಿವೇಚನೆಯಿಂದ ನೀಡಬಹುದು. 'ಉತ್ತಮ' ದರ್ಜೆಗೆ, ಆ ಲೇಖನದಲ್ಲಿ ಗಣನೀಯವಾಗಿ ಕೈಯಾಡಿಸದ ಒಬ್ಬ ಪರಿಶೀಲಕರು ಆರು ಮಾನದಂಡಗಳಿಗೆ ಅನುಗುಣವಾಗಿ ನೋಡಿ ಒಪ್ಪಬೇಕು. ಭಾಷೆ, ಆಧಾರ, ವ್ಯಾಪ್ತಿ, ನಿಷ್ಪಕ್ಷಪಾತ, ಸ್ಥಿರತೆ, ಚಿತ್ರಗಳು ಇವೇ ಆ ಆರು. ಡಿಚೋಲಿಯ ಕಲ್ಪಿತ ಯುದ್ಧ ಏರಿ ಕುಳಿತದ್ದು ಈ ಮೆಟ್ಟಿಲನ್ನೇ.

'ವಿಶೇಷ' ಎನಿಸಿಕೊಳ್ಳುವುದು ಇದಕ್ಕಿಂತ ಕಷ್ಟ. ಲೇಖನವನ್ನು ಬಹಿರಂಗವಾಗಿ ನಾಮಕರಣ ಮಾಡಬೇಕು. ಹಲವು ಸದಸ್ಯರು ವಾಕ್ಯ ವಾಕ್ಯವನ್ನೂ ಕೆದಕುತ್ತಾರೆ. ಆಧಾರಗಳ ಪರಿಶೀಲನೆ ಬೇರೆ, ಚಿತ್ರಗಳ ಹಕ್ಕುಸ್ವಾಮ್ಯದ ಪರಿಶೀಲನೆ ಬೇರೆ. ಮೊದಲ ಬಾರಿ ನಾಮಕರಣ ಮಾಡುವವರ ಲೇಖನವಾದರೆ, ಉಲ್ಲೇಖಿಸಿದ ಗ್ರಂಥದಲ್ಲಿ ಆ ಮಾತು ನಿಜಕ್ಕೂ ಇದೆಯೇ ಎಂದು ಅಲ್ಲಲ್ಲಿ ತೆಗೆದು ನೋಡುವ ಕ್ರಮವಿದೆ. ಕೊನೆಗೆ ಮತಗಳ ಎಣಿಕೆಯಿಂದಲ್ಲ, ಆಕ್ಷೇಪಗಳಿಗೆ ಸಮಾಧಾನ ದೊರಕಿದೆಯೇ ಎಂಬುದರ ಮೇಲೆ ಸಂಯೋಜಕರು ತೀರ್ಮಾನ ಪ್ರಕಟಿಸುತ್ತಾರೆ. ಗೆದ್ದ ಲೇಖನದ ಮೇಲ್ಭಾಗದ ಮೂಲೆಯಲ್ಲಿ ಕಂಚಿನ ಬಣ್ಣದ ಪುಟ್ಟ ನಕ್ಷತ್ರ ಕಾಣಿಸಿಕೊಳ್ಳುತ್ತದೆ.

ಇಂಗ್ಲಿಷ್ ವಿಕಿಪೀಡಿಯ 2020ರ ಜನವರಿಯಲ್ಲಿ 60 ಲಕ್ಷ ಲೇಖನಗಳ ಗಡಿ ದಾಟಿ ಮುಂದೆ ಸಾಗಿದೆ. ನಕ್ಷತ್ರ ಇರುವವು 6 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಸಾವಿರಕ್ಕೆ ಒಂದರಂತೆ. ಈ ನಕ್ಷತ್ರ ಶಾಶ್ವತವೂ ಅಲ್ಲ. ಕಾಲಕ್ರಮೇಣ ಹಳತಾದ, ಯಾರೂ ನೋಡಿಕೊಳ್ಳದ ಲೇಖನಗಳನ್ನು ಮರುಪರಿಶೀಲನೆಗೆ ಒಡ್ಡಲಾಗುತ್ತದೆ. ಹೀಗೆ ಸಾವಿರಕ್ಕೂ ಹೆಚ್ಚು ಲೇಖನಗಳು ಒಂದು ಹಂತದಲ್ಲಿ ನಕ್ಷತ್ರ ಕಳೆದುಕೊಂಡಿವೆ.

ಇವೆಲ್ಲದರ ನಡುವೆ 'ಪೀರ್ ರಿವ್ಯೂ' ಎಂಬ ಹೆಸರಿನದೇ ಒಂದು ವಿಭಾಗವಿದೆ. ಅಲ್ಲಿ ಪಾಸು ಫೇಲು ಇಲ್ಲ. ಬರೆದವರು ಸಲಹೆ ಬೇಡುತ್ತಾರೆ, ಓದಿದವರು ಕೊಡುತ್ತಾರೆ. ನಾಮಕರಣಕ್ಕೆ ಮುನ್ನ ಲೇಖನವನ್ನು ಸಿದ್ಧಗೊಳಿಸುವ ಗರಡಿಮನೆ ಅದು.

ಹೆಸರು 'ಪೀರ್', ಆದರೆ ಯಾರ ಸರಿಸಮಾನರು?

ವಿದ್ವತ್ ಪತ್ರಿಕೆಯಲ್ಲಿ ಪರಾಮರ್ಶಕರು ಆ ವಿಷಯದ ತಜ್ಞರು. ವಿಕಿಪೀಡಿಯದಲ್ಲಿ ಅವರು ಸಹಸಂಪಾದಕರು, ಅಷ್ಟೇ. ಗುಪ್ತನಾಮದಲ್ಲಿ ಕೆಲಸ ಮಾಡುವ ಅವರು ವೈದ್ಯರಿರಬಹುದು, ಕಾಲೇಜು ವಿದ್ಯಾರ್ಥಿಯೂ ಇರಬಹುದು. 2006ರಲ್ಲಿ ಅಮೆರಿಕದ ನ್ಯೂಯಾರ್ಕರ್ ಪತ್ರಿಕೆ ವಿಕಿಪೀಡಿಯದ ಪ್ರಮುಖ ಕಾರ್ಯಕರ್ತರೊಬ್ಬರನ್ನು ಧರ್ಮಶಾಸ್ತ್ರದ ಪ್ರಾಧ್ಯಾಪಕರೆಂದು ಪರಿಚಯಿಸಿತ್ತು. ಅವರು 24 ವರ್ಷದ, ಅಂಥ ಯಾವ ಪದವಿಯೂ ಇಲ್ಲದ ತರುಣ ಎಂಬುದು 2007ರಲ್ಲಿ ಬಹಿರಂಗವಾದಾಗ ದೊಡ್ಡ ಕೋಲಾಹಲವೇ ಆಯಿತು.

ಆದರೂ ವಿಕಿಪೀಡಿಯ ಪದವಿ ಪ್ರಮಾಣಪತ್ರ ಕೇಳುವ ದಾರಿ ಹಿಡಿಯಲಿಲ್ಲ. ಹೇಳುವವರು ಯಾರು ಎಂಬುದು ಮುಖ್ಯವಲ್ಲ, ಹೇಳಿದ್ದಕ್ಕೆ ಪ್ರಕಟಿತ ಆಧಾರವಿದೆಯೇ ಎಂಬುದೇ ಮುಖ್ಯ ಎಂಬುದು ಅದರ ನಿಲುವು. ಈ ನಿಲುವು ಒಪ್ಪತಕ್ಕದ್ದೇ. ಆದರೆ ಆಧಾರವನ್ನು ಯಾರಾದರೂ ತೆರೆದು ನೋಡಿದರೆ ಮಾತ್ರ ಅದಕ್ಕೆ ಅರ್ಥ. ಡಿಚೋಲಿ ಪ್ರಕರಣದಲ್ಲಿ ಅಡಿಟಿಪ್ಪಣಿ ಇದೆಯೇ ಎಂದು ನೋಡಲಾಯಿತೇ ಹೊರತು, ಪುಸ್ತಕ ಇದೆಯೇ ಎಂದು ನೋಡಲಿಲ್ಲ. ಗಮನಾರ್ಹ ಸಂಗತಿಯೆಂದರೆ, ಅದೇ ಲೇಖನ 'ವಿಶೇಷ' ದರ್ಜೆಗೆ ನಾಮಕರಣಗೊಂಡಾಗ ಆಧಾರಗಳು ಬೆರಳೆಣಿಕೆಯಷ್ಟೇ ಇವೆ ಎಂಬ ಆಕ್ಷೇಪ ಬಂದು ಸೋತುಹೋಯಿತು. ಒಂದು ಜೋಡಿ ಕಣ್ಣು ತಪ್ಪಿಸಿಕೊಂಡದ್ದು ಹಲವು ಜೋಡಿ ಕಣ್ಣುಗಳೆದುರು ಎಡವಿತು. ಹಾಗೆಂದು ಆ ಹಲವರೂ ಯುದ್ಧವೇ ಸುಳ್ಳೆಂದು ಕಂಡುಹಿಡಿಯಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಈಗ 'ಉತ್ತಮ ಲೇಖನ'ದ ಪರಿಶೀಲಕರೂ ಕೆಲವು ಆಧಾರಗಳನ್ನಾದರೂ ಸ್ವತಃ ತಾಳೆ ನೋಡಬೇಕೆಂಬ ನಿಯಮವಿದೆ.

ಯಾವ ದರ್ಜೆಯೂ ಇಲ್ಲದ ಸಾಮಾನ್ಯ ಲೇಖನಗಳ ಅಪಾಯ ಬೇರೆಯದೇ. 2005ರ ಮೇ ತಿಂಗಳಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಕುರಿತ ಲೇಖನದಲ್ಲಿ, ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಪಾತ್ರವಿತ್ತೆಂಬ ಶಂಕೆ ಇತ್ತು ಎಂಬ ಹಸಿ ಸುಳ್ಳನ್ನು ಯಾರೋ ಸೇರಿಸಿದ್ದರು. ಅದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದಿತ್ತು. ಅವರು ನವೆಂಬರ್‌ನಲ್ಲಿ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಈ ಕುರಿತು ಬರೆದ ನಂತರ, ನೋಂದಣಿ ಇಲ್ಲದವರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಪುಟ ಸೃಷ್ಟಿಸುವುದನ್ನು ಡಿಸೆಂಬರ್‌ನಲ್ಲಿ ನಿರ್ಬಂಧಿಸಲಾಯಿತು.

ವಿಚಿತ್ರವೆಂದರೆ ಅದೇ ಡಿಸೆಂಬರ್‌ನಲ್ಲಿ ವಿಜ್ಞಾನ ಪತ್ರಿಕೆ ನೇಚರ್ ಒಂದು ಹೋಲಿಕೆಯನ್ನು ಪ್ರಕಟಿಸಿತು. ವಿಜ್ಞಾನ ವಿಷಯದ 42 ಲೇಖನಗಳನ್ನು ವಿಕಿಪೀಡಿಯ ಮತ್ತು ಬ್ರಿಟಾನಿಕಾ ಎರಡರಿಂದಲೂ ಆಯ್ದು, ಯಾವುದು ಎಲ್ಲಿಯದೆಂದು ತಿಳಿಸದೆ ತಜ್ಞರಿಗೆ ನೀಡಲಾಗಿತ್ತು. ಗಂಭೀರ ದೋಷಗಳು ಎರಡರಲ್ಲೂ ತಲಾ ನಾಲ್ಕು. ಸಣ್ಣಪುಟ್ಟ ತಪ್ಪುಗಳು ವಿಕಿಪೀಡಿಯದಲ್ಲಿ 162, ಬ್ರಿಟಾನಿಕಾದಲ್ಲಿ 123. ಬ್ರಿಟಾನಿಕಾ ಈ ಹೋಲಿಕೆಯ ವಿಧಾನವನ್ನೇ 2006ರ ಮಾರ್ಚ್‌ನಲ್ಲಿ ಪ್ರಶ್ನಿಸಿತು. ನೇಚರ್ ತನ್ನ ವರದಿಗೆ ಬದ್ಧವಾಗಿ ನಿಂತಿತು. ಜಗಳ ಏನೇ ಇರಲಿ, ಬಹಳ ಜನ ಓದುವ, ಬಲ್ಲವರು ಬಂದುಹೋಗುವ ವಿಷಯಗಳಲ್ಲಿ ಬಹಿರಂಗ ತಿದ್ದುವಿಕೆ ಕೆಲಸ ಮಾಡುತ್ತದೆ ಎಂಬುದು ಅದರಿಂದ ತಿಳಿಯಿತು. ಜನ ಹಾಯದ ಓಣಿಗಳಲ್ಲಿ ಏನಾಗುತ್ತದೆಂಬುದನ್ನು ಸೀಗೆಂಥಾಲರ್ ಮತ್ತು ಡಿಚೋಲಿ ಪ್ರಕರಣಗಳು ತೋರಿಸಿದವು.

ಓದುಗರೇ ಅಂಕ ಕೊಟ್ಟರೆ?

ಸಂಪಾದಕರು ಬೇಡ, ಓದುಗರೇ ಮೌಲ್ಯಮಾಪನ ಮಾಡಲಿ ಎಂಬ ಪ್ರಯೋಗವೂ ನಡೆಯಿತು. 2010ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಕೆಲವು ಲೇಖನಗಳ ಕೆಳಗೆ ಐದು ನಕ್ಷತ್ರಗಳ ಪಟ್ಟಿಯೊಂದು ಕಾಣಿಸಿಕೊಂಡಿತು. ನಂಬಲರ್ಹತೆ, ನಿಷ್ಪಕ್ಷಪಾತ, ಸಂಪೂರ್ಣತೆ, ಬರವಣಿಗೆ ಈ ನಾಲ್ಕಕ್ಕೆ ಓದುಗರು ಅಂಕ ನೀಡಬಹುದಾಗಿತ್ತು. ಮುಂದೆ ನಕ್ಷತ್ರಗಳ ಬದಲು ಅನಿಸಿಕೆ ಬರೆಯುವ ಅವಕಾಶ ಬಂದಿತು. 2014ರಲ್ಲಿ ಇಡೀ ವ್ಯವಸ್ಥೆಯನ್ನೇ ಕೈಬಿಡಲಾಯಿತು.

ಕಾರಣ ಊಹಿಸುವುದು ಕಷ್ಟವಲ್ಲ. ಚಿತ್ರನಟನ ಕುರಿತ ಲೇಖನಕ್ಕೆ ಅಭಿಮಾನಿ ಕೊಡುವ ಐದು ನಕ್ಷತ್ರ ಲೇಖನಕ್ಕೋ, ನಟನಿಗೋ? ಎರಡೇ ನಕ್ಷತ್ರ ಪಡೆದ ಲೇಖನದಲ್ಲಿ ತಪ್ಪಿರುವುದು ಯಾವ ಸಾಲಿನಲ್ಲಿ? ಅಂಕ ಇದನ್ನು ಹೇಳುವುದಿಲ್ಲ. ಬಂದ ಅನಿಸಿಕೆಗಳಲ್ಲಿ ಉಪಯುಕ್ತವಾದವನ್ನು ಹೆಕ್ಕುವ ಹೊರೆ ಮತ್ತೆ ಅದೇ ಸ್ವಯಂಸೇವಕರ ಹೆಗಲೇರಿತು.

ಅತ್ತ ತಜ್ಞರ ದಾರಿಯೂ ಸುಗಮವಾಗಲಿಲ್ಲ. ವಿಕಿಪೀಡಿಯದಿಂದ ಹೊರನಡೆದ ಸ್ಯಾಂಗರ್, ತಜ್ಞರು ಒಪ್ಪಿಗೆ ನೀಡುವ ಸಿಟಿಜೆಂಡಿಯಂ ತಾಣವನ್ನು 2007ರಲ್ಲಿ ಸಾರ್ವಜನಿಕರಿಗೆ ತೆರೆದರು. ಅದು ವಿಕಿಪೀಡಿಯದ ಸಮೀಪಕ್ಕೂ ಬರಲಿಲ್ಲ. ಲೇಖಕರ ಹೆಸರು ಮತ್ತು ಓದುಗರ ನಕ್ಷತ್ರ ಎರಡನ್ನೂ ನಂಬಿ ಗೂಗಲ್ ಸಂಸ್ಥೆ 2008ರಲ್ಲಿ ಆರಂಭಿಸಿದ 'ನೋಲ್' 2012ರಲ್ಲಿ ಕಣ್ಮುಚ್ಚಿತು. ಜರ್ಮನ್ ವಿಕಿಪೀಡಿಯ ಮಾತ್ರ ಮಧ್ಯಮಾರ್ಗವೊಂದನ್ನು ಕಂಡುಕೊಂಡಿತು. 2008ರಿಂದ ಅಲ್ಲಿ ಹೊಸಬರ ತಿದ್ದುಪಡಿಯನ್ನು ಅನುಭವಿ ಸದಸ್ಯರೊಬ್ಬರು ನೋಡಿ ಒಪ್ಪಿದ ಮೇಲೆಯೇ ಸಾಮಾನ್ಯ ಓದುಗರಿಗೆ ಅದು ಕಾಣಿಸುತ್ತದೆ. ಇದು ಕಿಡಿಗೇಡಿತನವನ್ನು ತಡೆಯುವ ಜರಡಿಯೇ ಹೊರತು ಸತ್ಯಶೋಧನೆಯಲ್ಲ. ಅಷ್ಟಕ್ಕೇ ಸಾಕಷ್ಟು ಜನಬಲ ಬೇಕು.

ಕನ್ನಡದಲ್ಲಿ ನೋಡುವವರು ಯಾರು?

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರ ಜೂನ್‌ನಲ್ಲಿ. ಇಂದು ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಮುಖಪುಟದಲ್ಲಿ 'ವಿಶೇಷ ಲೇಖನ' ಇದೆ, ಸದಸ್ಯರು ಕೂಡಿ ಚರ್ಚಿಸುವ 'ಅರಳಿ ಕಟ್ಟೆ' ಇದೆ, ಪುಟ್ಟ ಬರಹಗಳಿಗೆ 'ಚುಟುಕು' ಎಂಬ ಗುರುತೂ ಇದೆ. ವ್ಯವಸ್ಥೆಯ ಹೆಸರುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಕುಳಿತು ನೋಡುವ ಜನರದು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಅವರಲ್ಲಿ ಕನ್ನಡ ವಿಕಿಪೀಡಿಯದಲ್ಲಿ ನಿರಂತರವಾಗಿ ದುಡಿಯುವವರು ತೀರಾ ಕೆಲವರು. ಬರೆಯುವವರೂ ಅವರೇ, ತಿದ್ದುವವರೂ ಅವರೇ ಆದಾಗ 'ಬೇರೊಬ್ಬರು ನೋಡಿದ್ದಾರೆ' ಎಂಬ ಭರವಸೆ ಎಲ್ಲಿಂದ ಬರಬೇಕು?

ಇದರ ಪರಿಣಾಮ ಒಮ್ಮೆ ಅನುಭವಕ್ಕೂ ಬಂದಿದೆ. 2009ರಿಂದ 2011ರ ನಡುವೆ ಗೂಗಲ್ ಸಂಸ್ಥೆ ಸಂಬಳದ ಅನುವಾದಕರ ಮೂಲಕ, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳು, ಬಂಗಾಳಿ ಮೊದಲಾದ ಭಾಷೆಗಳಿಗೆ ತಂದು ಸುರಿಯಿತು. ಲೇಖನಗಳ ಗಾತ್ರ ದೊಡ್ಡದಾಗಿತ್ತು. ಭಾಷೆ ಮಾತ್ರ ಹಲವೆಡೆ ಇಂಗ್ಲಿಷ್‌ನ ಪಡಿಯಚ್ಚಾಗಿ, ಓದಿಸಿಕೊಳ್ಳದಂತಿತ್ತು. ಬಂಗಾಳಿ ಸದಸ್ಯರು ಗುಣಮಟ್ಟದ ಕಾರಣ ನೀಡಿ ಇದನ್ನು ತಡೆದರು. ತಮಿಳು ಸದಸ್ಯರು ಸಂಸ್ಥೆಯೊಂದಿಗೆ ಮಾತುಕತೆ ನಡೆಸಿ ಷರತ್ತುಗಳನ್ನು ಮುಂದಿಟ್ಟರು. ಎದ್ದು ನಿಂತು ಪ್ರಶ್ನಿಸುವ ಸಮುದಾಯ ಇದ್ದಲ್ಲಿ ಗುಣಮಟ್ಟ ಚರ್ಚೆಯ ವಿಷಯವಾಯಿತು. ಇಲ್ಲದಿದ್ದಲ್ಲಿ ಬಂದದ್ದೆಲ್ಲ ಉಳಿದುಕೊಂಡಿತು.

ಸಣ್ಣ ಭಾಷೆಗಳಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ 2020ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯಿಂದ ಬಂದಿತು. ಆ ಭಾಷೆಯೇ ಬಾರದ ಅಮೆರಿಕದ ಹದಿಹರೆಯದ ಹುಡುಗನೊಬ್ಬ ವರ್ಷಗಳ ಕಾಲ ಇಂಗ್ಲಿಷ್ ಪದಗಳ ಕಾಗುಣಿತ ಬದಲಿಸಿ 20 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಸೃಷ್ಟಿಸಿದ್ದ. ಅದು ಆ ಭಾಷೆಯ ವಿಕಿಪೀಡಿಯದ ಸುಮಾರು ಮೂರನೇ ಒಂದು ಭಾಗ. ಅವನಲ್ಲಿ ದುರುದ್ದೇಶವಿರಲಿಲ್ಲ. ನೋಡಿ ತಡೆಯಬೇಕಾದವರು ಇರಲಿಲ್ಲ, ಅಷ್ಟೆ.

ಈಗ ಯಂತ್ರಗಳೇ ನಿಮಿಷದಲ್ಲಿ ಲೇಖನ ಬರೆಯುವ ಕಾಲ ಬಂದಿದೆ. ಇಲ್ಲದ ಪುಸ್ತಕಗಳನ್ನು ಸಲೀಸಾಗಿ ಉಲ್ಲೇಖಿಸುವ ಚಾಳಿ ಅವಕ್ಕೂ ಇದೆ. ಮನುಷ್ಯರ ಪರಿಶೀಲನೆ ಇಲ್ಲದೆ ಯಂತ್ರದಿಂದ ಬರೆಸಿದ ಪುಟಗಳನ್ನು ದೀರ್ಘ ಚರ್ಚೆಯಿಲ್ಲದೆ ಅಳಿಸಲು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ನಿಯಮ ಮಾಡಿಕೊಂಡಿತು. ಅತ್ತ ಅದೇ ಯಂತ್ರಗಳು ಭಾಷೆ ಕಲಿಯುವುದು ವಿಕಿಪೀಡಿಯದಂತಹ ತಾಣಗಳಿಂದ. ಕನ್ನಡದಂತೆ ಅಂತರ್ಜಾಲದಲ್ಲಿ ಪಠ್ಯ ಕಡಿಮೆ ಇರುವ ಭಾಷೆಯಲ್ಲಿ ಒಂದು ತಪ್ಪು ಉಳಿದುಕೊಂಡರೆ ಅದರ ಪ್ರತಿಧ್ವನಿ ಬಹಳ ದೂರ ಹೋಗುತ್ತದೆ.

ಓದುಗರು ಗಮನಿಸಬೇಕಾದದ್ದು

ಹಾಗಾದರೆ ವಿಕಿಪೀಡಿಯವನ್ನು ನಂಬಬಾರದೇ? ಹಾಗೇನಿಲ್ಲ. ಬ್ರಿಟಾನಿಕಾದಲ್ಲಿ ತೆರೆಮರೆಯಲ್ಲಿ ನಡೆಯುವ ಕೆಲಸ ವಿಕಿಪೀಡಿಯದಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ನೋಡಲು ಗೊತ್ತಿರಬೇಕು. ಪ್ರತಿ ಪುಟಕ್ಕೂ 'ಚರ್ಚೆ' ಎಂಬ ಜೊತೆಪುಟವಿರುತ್ತದೆ. ಇಂಗ್ಲಿಷ್ ಲೇಖನದ ದರ್ಜೆ, ಹಿಂದಿನ ಪರಿಶೀಲನೆಗಳ ಕೊಂಡಿ, ಎದ್ದಿರುವ ತಕರಾರುಗಳು ಅಲ್ಲಿ ಸಿಗುತ್ತವೆ. 'ಇತಿಹಾಸ' ಪುಟ ತೆರೆದರೆ ಲೇಖನವನ್ನು ಎಷ್ಟು ಜನ ತಿದ್ದಿದ್ದಾರೆ, ಕೊನೆಯ ತಿದ್ದುಪಡಿ ಯಾವಾಗ ನಡೆಯಿತು ಎಂಬುದು ತಿಳಿಯುತ್ತದೆ. ನಕ್ಷತ್ರ ಇದ್ದರೆ ಅದು ಯಾವ ವರ್ಷದ್ದೆಂದು ನೋಡುವುದು ಒಳಿತು. ಹತ್ತು ವರ್ಷದ ಹಿಂದಿನ ಮುದ್ರೆ ಅಂದಿನ ಪಠ್ಯಕ್ಕೆ ಒತ್ತಿದ್ದೇ ಹೊರತು ಇಂದಿನದಕ್ಕಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಡಿಟಿಪ್ಪಣಿ. ಮುಖ್ಯವಾದ ಒಂದೆರಡು ಮಾತುಗಳ ಆಧಾರವನ್ನಾದರೂ ತೆರೆದು ನೋಡುವುದು ಅಗತ್ಯ. ಆಧಾರವೇ ಇಲ್ಲದ ಮಾತನ್ನು, ಅದು ಎಷ್ಟೇ ಗಂಭೀರವಾಗಿ ಕೇಳಿಸಲಿ, ಊಹಾಪೋಹವೆಂದೇ ಎಣಿಸುವುದು ಕ್ಷೇಮ.

ಕನ್ನಡದ ಮಟ್ಟಿಗೆ ಇನ್ನೊಂದು ಮಾತಿದೆ. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಬರಹಗಳನ್ನು ಮುಕ್ತ ಪರವಾನಗಿಯಡಿ ನೀಡಲು 2014ರಲ್ಲಿ ಒಪ್ಪಿತು. ಹಿಂದಿನ ತಲೆಮಾರಿನ ವಿದ್ವಾಂಸರು ನೋಡಿ ಒಪ್ಪಿದ ಪಠ್ಯ ಹೀಗೆ ಮುಕ್ತ ತಾಣಕ್ಕೂ ದಾರಿ ಕಂಡಿತು. ಅದನ್ನು ಇಂದಿನ ಅಂಕಿಅಂಶಗಳೊಂದಿಗೆ ತಾಳೆ ನೋಡಿ ಪರಿಷ್ಕರಿಸಲು ಪಿಎಚ್.ಡಿ. ಬೇಕಿಲ್ಲ. ನಿವೃತ್ತ ಮೇಷ್ಟ್ರು ತಮ್ಮ ಜಿಲ್ಲೆಯ ಲೇಖನವನ್ನು, ಕೃಷಿಕರು ತಮ್ಮ ಬೆಳೆಯ ಲೇಖನವನ್ನು, ಗ್ರಂಥಪಾಲಕರು ಒಂದು ಅಡಿಟಿಪ್ಪಣಿಯನ್ನು ಪರಿಶೀಲಿಸಬಲ್ಲರು. ನಕ್ಷತ್ರ ಎಷ್ಟೇ ಹೊಳೆಯಲಿ, ಕಪಾಟಿನಿಂದ ಪುಸ್ತಕ ತೆಗೆದು ಪುಟ ತಿರುವಿದವರು ಒಬ್ಬರಾದರೂ ಇದ್ದರೆ ಮಾತ್ರ ಅದಕ್ಕೆ ಬೆಲೆ.